ಗಂಜಿ ಎಳೆದ ಪಂಪು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯ ಪರೇಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿದ್ದೆ. ಆರೋಗ್ಯ ಸಂಶೋಧನೆಗೆ ಅನುದಾನ ಕೇಳಿ ಬಂದ ಅರ್ಜಿಗಳನ್ನು ಪರಿಶೀಲಿಸುವುದು ನಮ್ಮ ಕೆಲಸ. ಮೂರು ತಿಂಗಳಿಗೊಮ್ಮೆ ಐವರು ದೊಡ್ಡ ಡಾಕ್ಟರುಗಳ ಸಮಿತಿ ಕೂರುತ್ತಿತ್ತು. ಅವರು ಆಡಿದ್ದನ್ನೆಲ್ಲ ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹೆಚ್ಚಿನ ಅರ್ಜಿಗಳು ಇಲಿಗಳ ಮೇಲಿನ ಪ್ರಯೋಗದವು. ಮಲಾಡಿನಿಂದ ಲೋಕಲ್‌ನಲ್ಲಿ ನಿಂತೇ ಬಂದವಳಿಗೆ ಇಲಿಗಳ ಚರ್ಚೆ ಶುರುವಾದರೆ ಕಣ್ಣು ಎಳೆಯುತ್ತಿತ್ತು.

ಒಂದು ದಿನ ಮಾತ್ರ ನಿದ್ದೆ ಹತ್ತಿರ ಸುಳಿಯಲಿಲ್ಲ. ವಿಕ್ರೋಳಿಯ ಕಾರ್ಖಾನೆಯೊಂದರ ಫಿಟ್ಟರ್, ವಿಜಾಪುರ ಕಡೆಯವರು, ಒಂದು ಪಂಪು ಮಾಡಿ ತಂದಿದ್ದರು. ಅವರ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಆಗಷ್ಟೇ ಹುಟ್ಟಿದ ಕೂಸಿನ ಗಂಟಲಿನಿಂದ ಲೋಳೆ ಎಳೆಯುವ ಯಂತ್ರ ಕರೆಂಟು ಹೋದರೆ ನಿಂತುಬಿಡುತ್ತದೆ ಎಂದು ಆಕೆ ಮನೆಯಲ್ಲಿ ಹೇಳಿದ್ದೇ ಇದಕ್ಕೆಲ್ಲ ಮೂಲ. ಇವರದು ಹೊಲಿಗೆ ಮೆಷಿನಿನಂತೆ ಕಾಲಲ್ಲಿ ತುಳಿಯುವ ಪಂಪು. ಅದನ್ನು ಪರೀಕ್ಷಿಸಲು ಅನುದಾನ ಕೋರಿ ಆಸ್ಪತ್ರೆಯ ಡಾಕ್ಟರೇ ಅರ್ಜಿ ಹಾಕಿದ್ದರು.

ಸಮಿತಿಯ ಇಂಗ್ಲಿಷ್ ಪ್ರಶ್ನೆಗಳು ಫಿಟ್ಟರಿಗೆ ಅರ್ಥವಾಗದ್ದು ಕಂಡು, ಇವರ ಭಾಷೆ ಯಾರಿಗಾದರೂ ಬರುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. ನಾನು ಎದ್ದು ನಿಂತೆ. ನನ್ನ ಉಡುಪಿಯ ಕನ್ನಡಕ್ಕೂ ಅವರ ವಿಜಾಪುರದ ಕನ್ನಡಕ್ಕೂ ನಡುವೆ ಕೊಂಚ ಎಡವುತ್ತ ಕೆಲಸ ಸಾಗಿತು. ಮಾಡಿ ತೋರಿಸಲು ಲೋಳೆಯಂಥದ್ದೇನಾದರೂ ಬೇಕಾಯಿತು. ನಾನು ಕೆಳಗಿನ ನಮ್ಮೂರವರ ಹೋಟೆಲಿಗೆ ಓಡಿ ಗಂಜಿ ಕೇಳಿದೆ.

"ಯಾರಿಗೆ ಜ್ವರ ಮಾರಾಯ್ತಿ?" ಎಂದರು ಗಲ್ಲಾದ ಮೇಲಿದ್ದವರು.

ಪಂಪಿಗೆ ಎಂದು ಹೇಳಿ ಲೋಟ ಹಿಡಿದು ಮೆಟ್ಟಿಲೇರಿದೆ.

ನಾಲ್ಕು ತುಳಿತಕ್ಕೆ ಗಂಜಿಯೆಲ್ಲ ಕೊಳವೆಯಿಂದ ಪಂಪಿನ ಬಾಟಲಿಗೆ ಹೋಯಿತು. ಡಾಕ್ಟರುಗಳು ಮೆಚ್ಚಿ ತಲೆದೂಗಿದರು. ಸಮಿತಿಯಲ್ಲಿದ್ದ ಒಬ್ಬರೇ ಮಹಿಳಾ ಡಾಕ್ಟರು ಮಾತ್ರ ಕೊಳವೆಯ ತುದಿಗೆ ಬೆರಳಿಟ್ಟು, ಚರ್ಮದ ಮೇಲೆ ಎದ್ದ ಕೆಂಪು ಗುರುತನ್ನು ತೋರಿಸಿದರು. ಇಷ್ಟು ಜೋರಾಗಿ ಎಳೆದರೆ ಕೂಸಿನ ಗಂಟಲಿಗೆ ಗಾಯವಾಗುತ್ತದೆ ಎಂದರು. ಅದನ್ನು ಕನ್ನಡದಲ್ಲಿ ಹೇಳಲು ನನಗೇ ಬೇಸರವಾಯಿತು.

ಫಿಟ್ಟರ್ ಬೇಸರಿಸಲಿಲ್ಲ. ಕೊಳವೆಯನ್ನು ತಮ್ಮ ಕೆನ್ನೆಗೇ ಒತ್ತಿ ನೋಡಿಕೊಂಡರು.

"ಅಕ್ಕಾರ, ಡಾಕ್ಟರ ಬಾಯಾರ ಮಾತು ಖರೇ ಐತ್ರಿ. ಕೊಳವಿ ಬಾಜೂಕ ಒಂದು ತೂತ ಹಾಕ್ತೇನಿ. ಬೆರಳ ಮುಚ್ಚಿದ್ರ ಎಳೀತೈತಿ, ಬಿಟ್ರ ನಿಲ್ತೈತಿ."

ಯಾವಾಗ ಮಾಡುತ್ತೀರಿ ಎಂದು ಅಧ್ಯಕ್ಷರು ಕೇಳಿದ್ದಕ್ಕೆ ಅವರು ನನ್ನ ಹೇರ್‌ಪಿನ್ನು ಕೇಳಿದರು. ಪ್ಯೂನ್ ಚಹಾ ಕಾಯಿಸುವ ಸ್ಟವ್ ಮೇಲೆ ಅದನ್ನು ಕಾಯಿಸಿ ಕೊಳವೆಯ ರಬ್ಬರಿಗೆ ಚುಚ್ಚಿದರು. ಕೋಣೆಯೆಲ್ಲ ವಾಸನೆ. ಮಹಿಳಾ ಡಾಕ್ಟರು ಮತ್ತೆ ಬೆರಳಿಟ್ಟು ನೋಡಿ, ಅರ್ಜಿಗೆ ಮೊದಲ ಸಹಿ ಹಾಕಿದರು.

ಆಸ್ಪತ್ರೆಯಲ್ಲಿ ಒಂದು ವರ್ಷ ಪರೀಕ್ಷೆ ನಡೆದು ಪಂಪು ಪಾಸಾಯಿತು. ಅದನ್ನು ತಯಾರಿಸಲು ಅಂಧೇರಿಯ ಒಂದು ಸಣ್ಣ ಕಾರ್ಖಾನೆ ಲೈಸೆನ್ಸ್ ಕೇಳಿತು. ಟೈಪ್ ಮಾಡಲು ಬಂದ ಒಪ್ಪಂದದ ಕರಡಿನಲ್ಲಿ ಪಂಪು ರೂಪಿಸಿದವರೆಂದು ಆಸ್ಪತ್ರೆಯ ಹೆಸರಿತ್ತು, ಡಾಕ್ಟರ ಹೆಸರಿತ್ತು, ಕೊನೆಗೆ "ಒಬ್ಬ ಮೆಕ್ಯಾನಿಕ್‌ನ ನೆರವಿನಿಂದ" ಎಂದಿತ್ತು. ನಾನು ಆ ಮಾತು ಬಿಟ್ಟು ಫಿಟ್ಟರ್ ಹೆಸರನ್ನೇ ಟೈಪ್ ಮಾಡಿದೆ. ಮರುದಿನ ನಮ್ಮ ಮೇಲಧಿಕಾರಿ ಕರೆಸಿದರು. ಇದು ಕರಡಿನಲ್ಲಿ ಇರಲಿಲ್ಲವಲ್ಲ ಎಂದರು.

"ಇರಬೇಕಿತ್ತು ಸರ್," ಎಂದೆ.

ಅವರು ನನ್ನೆದುರೇ ಆಸ್ಪತ್ರೆಗೆ ಫೋನು ಮಾಡಿದರು. ಅತ್ತ ಡಾಕ್ಟರು ಏನೆಂದರೋ, ಇವರು ಫೋನಿಟ್ಟು, ಫಿಟ್ಟರ್ ಹೆಸರು ಎಲ್ಲಕ್ಕಿಂತ ಮೇಲೆ ಬರಬೇಕಂತೆ, ಮತ್ತೆ ಟೈಪ್ ಮಾಡಿ ಎಂದರು. ನಾಲ್ಕು ಕಾರ್ಬನ್ ಪ್ರತಿ, ಎಂಟು ಪುಟ. ಅಷ್ಟು ಖುಷಿಯಿಂದ ನಾನು ಎಂದೂ ಟೈಪ್ ಮಾಡಿರಲಿಲ್ಲ.

ತಮ್ಮ ಪ್ರತಿ ಒಯ್ಯಲು ಫಿಟ್ಟರ್ ಹೆಂಡತಿಯ ಜೊತೆ ಬಂದರು. ಪೂರ್ತಿ ಓದಿ ಕನ್ನಡದಲ್ಲಿ ಹೇಳಿದೆ. ಪಂಪಿನಲ್ಲಿ ಏನಾದರೂ ಬದಲಿಸುವ ಮೊದಲು ತಯಾರಕರು ಇವರನ್ನು ಕೇಳಬೇಕು ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡರು.

"ಅಂದ್ರ ಅವರು ನನ್ನ ಕೇಳಾಕ ಬರ್ತಾರೇನ್ರಿ?"

ಬರಲೇಬೇಕು ಎಂದೆ. ಆಯಾ ಅಕ್ಕ ಗಂಡನ ಮುಖ ನೋಡಿ, ಹಂಗಾದ್ರ ಮನೀಗೆ ಒಂದು ಕುರ್ಚಿ ತರಬೇಕು ಎಂದಳು.