ಎಡಗೈ ಚಾಂಪಿಯನ್ನನೂ ನಮ್ಮ ಮೌಶಿಯೂ

ಮೊನ್ನೆ ಸ್ಟೇಶನ್ ಬಜಾರದಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಕಾಯುತ್ತ ಕೂತಿದ್ದೆ. ಅಂಗಡಿಯವನ ಗುಜರಿ ಡಬ್ಬಿಯಲ್ಲಿ ಹಳೆಯ ವಿಡಿಯೋ ಗೇಮಿನದೊಂದು ಕ್ಯಾಸೆಟ್ ಕಂಡಿತು. ಟೆನಿಸ್ ಆಟದ್ದು. ಮೇಲಂಟಿಸಿದ ಚಿತ್ರದಲ್ಲಿ ಒಬ್ಬ ಜಗತ್ಪ್ರಸಿದ್ಧ ಚಾಂಪಿಯನ್ ಬ್ಯಾಟು ಹಿಡಿದು ನಗುತ್ತಿದ್ದ. ಅವನನ್ನು ನೋಡಿದರೆ ನಿಮಗೆ ಟೆನಿಸ್ ನೆನಪಾದೀತು. ನನಗೆ ಕಮಲಾಪುರದ ಮೌಶಿ ನೆನಪಾಗುತ್ತಾಳೆ.

ಮೌಶಿ ನನ್ನ ತಾಯಿಯ ತಂಗಿ. ಮದುವೆಯಾಗದೆ ಅಜ್ಜಿಯ ಜೊತೆಗಿದ್ದು, ಊರ ಹೆಂಗಸರ ಬ್ಲೌಸು ಹೊಲಿಯುತ್ತಿದ್ದಳು. ಹುಟ್ಟಾ ಎಡಚಿ. ಅಶುಭವೆಂದು ಅಜ್ಜಿ ಚಿಕ್ಕಂದಿನಲ್ಲೇ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಬಲಗೈ ರೂಢಿ ಮಾಡಿಸಿದ್ದಳಂತೆ. ಅಜ್ಜಿ ಮಠಕ್ಕೆ ಹೋದಾಗ ಮಾತ್ರ ಕತ್ತರಿ ಸದ್ದಿಲ್ಲದೆ ಎಡಗೈಗೆ ಬರುತ್ತಿತ್ತು.

ಅದು ತೊಂಬತ್ತರ ದಶಕ. ಪಿಯುಸಿ ಪರೀಕ್ಷೆ ಮುಗಿಸಿ, ಟೀವಿಗೆ ಜೋಡಿಸಿ ಆಡುವ ಅದೇ ಗೇಮನ್ನು ಕಲಬುರಗಿಯಿಂದ ಕಮಲಾಪುರಕ್ಕೆ ಹೊತ್ತುಕೊಂಡು ಹೋಗಿದ್ದೆ. ಎರಡೂ ಕೈ ಬೇಡುವ ಆಟ. ಅಜ್ಜಿ ತಕರಾರು ಮಾಡುವಂತಿರಲಿಲ್ಲ. ಕಲಿಸಿದ ವಾರದೊಳಗೆ ಮೌಶಿ ನನ್ನನ್ನು ಸೋಲಿಸತೊಡಗಿದಳು. ಕರೆಂಟು ಹೋದಾಗ ಮಾತ್ರ ನಾನು ಸೋಲುತ್ತಿರಲಿಲ್ಲ.

ಅಂಥದೊಂದು ಕರೆಂಟಿಲ್ಲದ ಮಧ್ಯಾಹ್ನ ಅವಳು ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಏ ಹುಡುಗಿ, ಫೋಟೋದಾಗ ಇಂವಾ ಎಡಗೈಲೆ ಬ್ಯಾಟ್ ಹಿಡದಾನ. ಟೀವ್ಯಾಗ ಬಲಗೈಲೆ ಆಡತಾನ. ಇವನ ಕೈನೂ ಯಾರರ ಕಟ್ಟಿ ಹಾಕಿದ್ರೇನ?”

ನನಗೆ ಎಲ್ಲವೂ ಗೊತ್ತಿದ್ದ ವಯಸ್ಸು ಅದು. “ಫೋಟೋ ಉಲ್ಟಾ ಛಾಪಿಸ್ಯಾರ, ಮೌಶಿ.”

“ಅಂಗಿ ಮ್ಯಾಲಿನ ಅಕ್ಷರ ನೆಟ್ಟಗ ಅದಾವಲ್ಲ?”

ಗೊತ್ತಿಲ್ಲವೆಂದು ಒಪ್ಪಿಕೊಳ್ಳದೆ ಮಾತು ಬದಲಿಸಿದೆ. ಮೌಶಿಯ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ರಜೆ ಮುಗಿದಾಗ ದಾರದ ಉಂಡೆ ತರುವ ನೆಪ ಹೇಳಿ ನನ್ನ ಜೊತೆ ಕಲಬುರಗಿಯ ಬಸ್ಸು ಹತ್ತಿದಳು. ನೇರವಾಗಿ ಟೆನಿಸ್ ಆಡುವ ಮೈದಾನಕ್ಕೇ ಕರೆದೊಯ್ಯಬೇಕೆಂದಳು. ತಂತಿ ಬೇಲಿಯಾಚೆ ಆಟ ಕಲಿಸುತ್ತಿದ್ದ ಹಿರಿಯರೊಬ್ಬರನ್ನು ಕರೆದೇ ಬಿಟ್ಟಳು.

“ಇದು ಎಡಗೈಲೆ ಆಡಬಹುದೇನ್ರಿ?”

“ಆಡಬಹುದೇನ್ರಿ ಅಂತೀರಲ್ಲ! ಎಡಚರ ಚೆಂಡು ಎದುರಿನವರಿಗಿ ಭಾಳ ತ್ರಾಸ ಕೊಡತದ. ಬರ್ರಿ, ನೀವೇ ಹೊಡದು ನೋಡ್ರಿ.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೌಶಿ ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬ್ಯಾಟನ್ನು ಬಲಗೈಯಲ್ಲೇ ತೆಗೆದುಕೊಂಡಳು. ಸುತ್ತ ನಿಂತವರನ್ನು ಒಮ್ಮೆ ನೋಡಿದಳು. ಆಮೇಲೆ ಅದನ್ನು ಎಡಗೈಗೆ ಬದಲಿಸಿದಳು. ಮೊದಲ ಚೆಂಡು ಸಿಗಲಿಲ್ಲ. ಮುಂದಿನದು ಬೇಲಿ ದಾಟಿತು. ತರಲು ನಾನೇ ಓಡಿದೆ. ತಿರುಗಿ ಬರುವಷ್ಟರಲ್ಲಿ ಠಪ್ ಎಂಬ ಶಬ್ದ. ಚೆಂಡು ನೆಟ್ಟಿನ ಆಚೆ ಪುಟಿಯುತ್ತಿತ್ತು. ಮೌಶಿ ಅದರ ಕಡೆ ನೋಡದೆ ತನ್ನ ಎಡಗೈಯನ್ನೇ ನೋಡುತ್ತ ನಿಂತಿದ್ದಳು.

ದಸರೆಗೆ ನಾನು ಕಮಲಾಪುರಕ್ಕೆ ಹೋದಾಗ ಮೌಶಿ ಅಜ್ಜಿಯ ಎದುರಿಗೇ ಕೂತು ಎಡಗೈಯಿಂದ ಬಟ್ಟೆ ಕತ್ತರಿಸುತ್ತಿದ್ದಳು.

“ಮತ್ತ ಎಡಗೈ?” ಎಂದಳು ಅಜ್ಜಿ.

“ಹೌದವ್ವಾ, ಎಡಗೈನೇ,” ಎಂದಳು ಮೌಶಿ. ಕತ್ತರಿ ನಿಲ್ಲಲಿಲ್ಲ. ಅಜ್ಜಿ ಒಳಗೆ ಹೋದಳು.

ಮಿಕ್ಸಿ ಮರೆತು ಅಂಗಡಿಯಿಂದಲೇ ಮೌಶಿಗೆ ಫೋನು ಮಾಡಿದೆ. ಈಗವಳಿಗೆ ಎಪ್ಪತ್ತು ದಾಟಿದೆ. ಕ್ಯಾಸೆಟ್ಟಿನ ಸುದ್ದಿ ಕೇಳಿ ಜೋರಾಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಅಲ್ಲ, ಇಷ್ಟು ವರ್ಷ ಕೇಳಬೇಕಂತ ಇದ್ದೆ. ಆ ಮನುಷ್ಯಾ ಊಟ ಯಾವ ಕೈಲೆ ಮಾಡತಾನ?” ಎಂದಳು.

ನನಗೆ ಗೊತ್ತಿರಲಿಲ್ಲ. ಹಾಗೆಂದು ಈ ಸಲ ಒಪ್ಪಿಕೊಂಡೆ. ಅಂದಿನಿಂದ ನನಗೂ ಅದೊಂದೇ ಯೋಚನೆ.