ಪಟ್ಟಿಯಿಂದ ಅಳಿಸಿದ ನಲ್ಲಿ

2025ರ ಮಾರ್ಚ್ 11, ಮಂಗಳವಾರ, ಬೆಳಗ್ಗೆ 5 ಗಂಟೆ 42 ನಿಮಿಷ. ನೀರಿನ ಟ್ಯಾಂಕಿನ ಬುಡದಲ್ಲಿರುವ ಮೊದಲ ನಲ್ಲಿಯನ್ನು ಪೂರ್ತಿ ತಿರುಗಿಸಿ, ಐವತ್ತೊಂದು ವರ್ಷದ ಹೆಂಗಸೊಬ್ಬರು ಪಕ್ಕಕ್ಕೆ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದಾರೆ. ನೂರಿಪ್ಪತ್ತು ಆಗುವವರೆಗೆ ನೀರು ಹಿಡಿಯುವುದಿಲ್ಲ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ಸುಳ್ಳು ಹೇಳುತ್ತದೆ, ಅದು ಹರಿದುಹೋಗಬೇಕು. ಆಮೇಲೆ ಗಾಜಿನ ನಳಿಕೆಯನ್ನು ಮೂರು ಸಲ ತೊಳೆದು, ಗೆರೆಯವರೆಗೆ ತುಂಬಿ, ಒಂದು ಮಾತ್ರೆ ಹಾಕುತ್ತಾರೆ. ನೀರು ಗುಲಾಬಿಯಾಗುತ್ತದೆ. ಬಣ್ಣದ ಪಟ್ಟಿಗೆ ಹೋಲಿಸಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ: 0.6. ರೋಗಾಣು ಕೊಲ್ಲಲು ನೀರಿನಲ್ಲಿ ಉಳಿದಿರುವ ಕ್ಲೋರಿನ್ನಿನ ಪ್ರಮಾಣವಿದು. ಲೀಟರಿಗೆ 0.2 ಮಿಲಿಗ್ರಾಂಗಿಂತ ಇಳಿದರೆ ಆ ನೀರನ್ನು ನಂಬುವಂತಿಲ್ಲ.

ದಿನಕ್ಕೆ ಇಪ್ಪತ್ತೆರಡು ನಲ್ಲಿ, ಒಂಬತ್ತು ಕಿಲೋಮೀಟರ್ ಸೈಕಲ್, ಹದಿಮೂರು ವರ್ಷ. ಇಂದಿಗೂ ಗುತ್ತಿಗೆ ನೌಕರಿ.

“ನೀರಿನ ಡಾಕ್ಟ್ರಮ್ಮ, ನಮ್ಮನೆಯವರ ನಾಡೀನೂ ಒಂಚೂರು ನೋಡಿ. ಎಷ್ಟು ಕೂಗಿದ್ರೂ ಏಳ್ತಾನೇ ಇಲ್ಲ” ಎಂದು ಏಳನೇ ನಲ್ಲಿಯ ಬಳಿ ಕೊಡ ಹಿಡಿದ ಹೆಂಗಸು ಕಿಚಾಯಿಸುತ್ತಾರೆ. ಇವರು ಬೆರಳೆತ್ತಿ ತಡೆಯುತ್ತಾರೆ. ಎಣಿಕೆ ಮುಗಿದ ಮೇಲೆಯೇ ಉತ್ತರ: “ಆ ಕೊಡ ತಲೆ ಮೇಲೆ ಸುರೀರಿ. ನಾಡಿ ತಾನಾಗೇ ಸಿಗುತ್ತೆ.”

ಈ ಶಿಸ್ತು ಹುಟ್ಟಿನಿಂದ ಬಂದದ್ದಲ್ಲ. ಹನ್ನೊಂದು ವರ್ಷಗಳ ಹಿಂದೆ, ಒಂದು ಜಡಿಮಳೆಯ ವಾರ, ಬೀದಿಯ ತುದಿಯ ಇಪ್ಪತ್ತೆರಡನೇ ನಲ್ಲಿಗೆ ಅವರು ಹೋಗಲಿಲ್ಲ. ಹಿಂದಿನ ದಿನದ ಅಂಕಿಯನ್ನೇ ನಾಲ್ಕು ದಿನ ನಕಲು ಮಾಡಿದರು. ಐದನೇ ದಿನ ಆ ಬೀದಿಯ ಒಂಬತ್ತು ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದವು. ಮಕ್ಕಳೇನೋ ಉಳಿದುಕೊಂಡವು. ಇವರನ್ನು ಯಾರೂ ಕೇಳಲೇ ಇಲ್ಲ.

“ಪುಸ್ತಕ ಚೆನ್ನಾಗಿತ್ತಲ್ಲ, ಯಾಕೆ ಕೇಳ್ತಾರೆ? ನಂಗೊಬ್ಬಳಿಗೇ ಗೊತ್ತಿತ್ತು” ಎನ್ನುತ್ತಾರೆ. ಅಂದಿನಿಂದ ಅವರ ಪೆಟ್ಟಿಗೆಯಲ್ಲಿ ಪೆನ್ನಿನ ಜಾಗ ನಳಿಕೆಯ ಅಡಿಯಲ್ಲಿ. ನಳಿಕೆ ಹೊರತೆಗೆಯದೆ ಪೆನ್ನು ಕೈಗೆ ಬರದು. “ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಲಲ್ಲ. ಮನಸ್ಸು ಸೋಮಾರಿಯಾದ ದಿನಾನೂ ಕೈ ಸರಿಯಾಗಿ ನಡೀಬೇಕು. ಕೈಗೆ ಅದನ್ನ ಕಲಿಸೋಕೆ ಒಂದು ವರ್ಷ ಹಿಡೀತು.” ಮಗಳ ದೂರು ಬೇರೆ: “ಅಮ್ಮ ಹಲ್ಲುಜ್ಜುವಾಗ್ಲೂ ನೂರಿಪ್ಪತ್ತು ಎಣಿಸ್ತಾಳೆ. ನಡುವೆ ಮಾತಾಡ್ಸಿದ್ರೋ, ಮತ್ತೆ ಒಂದರಿಂದ ಶುರು!”

ಕಳೆದ ತಿಂಗಳು ಇವರ ಕಚೇರಿಯ ಸಭಾಂಗಣದಲ್ಲಿ ‘ಉತ್ತಮ ಅಭ್ಯಾಸಗಳು’ ಎಂಬ ಎರಡು ದಿನಗಳ ತರಬೇತಿ ನಡೆಯಿತು. ನಲ್ಲಿಯನ್ನೇ ಮುಟ್ಟದವರೆಲ್ಲ ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡರು. ಗುತ್ತಿಗೆಯವರೆಂಬ ಕಾರಣಕ್ಕೆ ಇವರಿಗೆ ಕರೆಯಿರಲಿಲ್ಲ. ಅದೇ ವಾರ ಸುತ್ತೋಲೆ ಬಂತು: ಮಾರ್ಚ್ ಒಂದರಿಂದ ಇಪ್ಪತ್ತೆರಡನೇ ನಲ್ಲಿ ಪರೀಕ್ಷೆಯ ಪಟ್ಟಿಯಲ್ಲಿಲ್ಲ.

ಕಾರಣ ಕೇಳಿದರೆ ರಕ್ತ ಕುದಿಯುತ್ತದೆ. ವಾರ್ಷಿಕ ವರದಿಗೆ ಊರಿನ ಸರಾಸರಿ 0.4 ದಾಟಬೇಕಿತ್ತು, ಇದ್ದದ್ದು 0.39. ಕೊನೆಯ ನಲ್ಲಿಯನ್ನು ಪಟ್ಟಿಯಿಂದ ಕಿತ್ತುಹಾಕಿದೊಡನೆ ಅದು 0.41 ಆಯಿತು. ಒಂದು ಹನಿ ಕ್ಲೋರಿನ್ ಹೆಚ್ಚಿಲ್ಲ, ಒಂದಡಿ ಕೊಳವೆ ಬದಲಾಗಿಲ್ಲ, ನೀರು ಶುದ್ಧವಾಗಿಬಿಟ್ಟಿದೆ! ಸರಾಸರಿಯನ್ನು ಯಾರೂ ಲೋಟಕ್ಕೆ ಬಗ್ಗಿಸಿ ಕುಡಿಯುವುದಿಲ್ಲ. ಆ ನಲ್ಲಿಯನ್ನು ನಂಬಿದ ಮೂವತ್ತೆಂಟು ಮನೆಗಳು ಕುಡಿಯುವುದು ಆ ನಲ್ಲಿಯ ನೀರನ್ನೇ.

ಮೇಲ್ವಿಚಾರಕರಿಗೆ ಸಂಕೋಚವೂ ಇಲ್ಲ. “ಪೈಪ್ ಹಳೇದು, ಅಲ್ಲಿಗೆ ಕ್ಲೋರಿನ್ ತಲುಪಲ್ಲ ಅಂತ ಎಲ್ಲರಿಗೂ ಗೊತ್ತು. ಗೊತ್ತಿರೋದನ್ನ ದಿನಾ ಯಾಕ್ರೀ ಅಳೀಬೇಕು?”

“ಗೊತ್ತಿದ್ರೆ ಸರಿ ಮಾಡ್ಬೇಕಿತ್ತಲ್ಲ ಸಾರ್” ಎಂದು ಇವರು ಎದುರಿಗೇ ಕೇಳಿದ್ದಾರೆ. ಹೊಸ ಪುಸ್ತಕದಲ್ಲಿ ಅಚ್ಚಾಗಿರುವುದು ಇಪ್ಪತ್ತೊಂದೇ ಸಾಲು. ಇವರು ಅದರ ಕೆಳಗೆ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು ಬರೆದರು. ಮೇಲ್ವಿಚಾರಕರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಮರುದಿನ ಇವರು ಮತ್ತೆ ಬರೆದರು. ನಿನ್ನೆ ನೋಟಿಸ್ ಬಂದಿದೆ: ಇನ್ನೊಮ್ಮೆ ಬರೆದರೆ ತಿಂಗಳ ಕೊನೆಗೆ ಗುತ್ತಿಗೆ ಮುಂದುವರಿಯದು. ಸುಳ್ಳು ಬರೆದಾಗ ಸುಮ್ಮನಿದ್ದ ಕಚೇರಿ, ನಿಜ ಬರೆದದ್ದಕ್ಕೆ ನೋಟಿಸ್ ಕೊಟ್ಟಿದೆ.

ಗಂಟೆ 8.50. ಬೀದಿಯ ತುದಿ. ಬಿಂದಿಗೆಗಳ ಸಾಲಿನ ಪಕ್ಕ ಸೈಕಲ್ ನಿಲ್ಲಿಸುತ್ತಾರೆ.

“ಇವತ್ತೂ ಬಂದ್ರಾ? ನಿಮ್ಮ ಕೆಲಸ ಹೋಗುತ್ತಂತಲ್ಲ ಅಕ್ಕ” ಎಂದು ಸಾಲಿನಲ್ಲಿದ್ದ ಮುದುಕರೊಬ್ಬರು ಕೇಳುತ್ತಾರೆ.

“ಹೋಗ್ಬಹುದು. ಹೆದ್ರಿಕೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಎಣಿಸೋವಾಗ ಮಾತ್ರ ಅದು ನೆನಪಾಗಲ್ಲ.” ನಲ್ಲಿ ತಿರುಗಿಸುತ್ತಾರೆ. “ಈ ನಳಿಕೆ ಇಲ್ಲೂ ಒಂದು ದಿನ ಗುಲಾಬಿ ಆಗ್ಬೇಕು. ಅದನ್ನ ನಾನೇ ನೋಡ್ಬೇಕು ಅಂತೇನಿಲ್ಲ. ಆದ್ರೆ ಯಾರಾದ್ರೂ ನೋಡೋಕೆ ಬರ್ತಾ ಇರ್ಬೇಕು.”

ನೂರಿಪ್ಪತ್ತು ಎಣಿಸಿ, ಮೂರು ಸಲ ತೊಳೆದು, ಮಾತ್ರೆ ಹಾಕಿ ಕಾಯುತ್ತಾರೆ. ನಂತರ ಪುಸ್ತಕ ತೆರೆದು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಬರೆಯುತ್ತಾರೆ.

ಇಪ್ಪತ್ತೆರಡನೇ ನಲ್ಲಿ: ಲೀಟರಿಗೆ 0.05 ಮಿಲಿಗ್ರಾಂ.