ಕ್ಯಾಲ್ಕುಲೇಟರ್ ಅಲ್ಲದ ಕ್ಯಾಲ್ಕುಲೇಟರ್

ಪೊಲೀಸ್ ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಜರಡಿ ಅಕ್ಕ ಎನ್ನುತ್ತಿದ್ದರು. ಹದಿನೇಳು ವರ್ಷದಿಂದ ಒಂದೇ ಕೆಲಸ. ಜಪ್ತಿಯಾದ ಕಂಪ್ಯೂಟರ್ ಬಂದರೆ ಅದರ ಒಂದೊಂದು ಫೈಲಿನ ಹ್ಯಾಶ್ ತೆಗೆಯುವುದು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತು, ಅಕ್ಷರ ಅಂಕಿಗಳ ಒಂದು ಉದ್ದ ಸಾಲು. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆ. ಕಂಪನಿಗಳು ಹೊರತಂದ ಸಾಫ್ಟ್‌ವೇರುಗಳ ಹ್ಯಾಶ್ ಪಟ್ಟಿ ಆಕೆಯ ಬಳಿ ಇತ್ತು. ಅದಕ್ಕೆ ತಾಳೆಯಾದದ್ದೆಲ್ಲ ಪಕ್ಕಕ್ಕೆ, ಉಳಿದದ್ದು ತನಿಖೆಗೆ. ಅತ್ತೆಗೆ ಇದನ್ನು ಮೂರು ಸಲ ಬಿಡಿಸಿ ಹೇಳಿದ್ದಾಗಿತ್ತು. "ನಮ್ಮ ಸೊಸೆ ಪೊಲೀಸರ ಹತ್ರ ಕಸ ಆರಿಸ್ತಾಳೆ" ಎಂದು ಅತ್ತೆ ನೆರೆಯವರಿಗೆ ಹೇಳಿದರು. ತಪ್ಪು ಎನ್ನುವಂತಿರಲಿಲ್ಲ.

ಒಮ್ಮೆ ಶಾಲೆಯೊಂದರ ಗುಮಾಸ್ತೆಯ ಕಂಪ್ಯೂಟರ್ ಬಂತು. ಪ್ರಶ್ನೆಪತ್ರಿಕೆ ಸೋರಿಕೆಯಾಗಿತ್ತು. ಅದು ಇದ್ದದ್ದು ಆ ಒಂದು ಕಂಪ್ಯೂಟರಿನಲ್ಲೇ ಆದ್ದರಿಂದ ಗುಮಾಸ್ತೆಯನ್ನು ಅಮಾನತು ಮಾಡಿದ್ದರು. ಮೂರು ಲಕ್ಷ ಫೈಲುಗಳಲ್ಲಿ ಬಹುಪಾಲು ತಾಳೆಯಾಗಿ ಹೋದವು. ಉಳಿದವುಗಳಲ್ಲಿ ಒಂದು ಕ್ಯಾಲ್ಕುಲೇಟರ್ ಇತ್ತು.

"ಎಲ್ಲಾ ಕಂಪ್ಯೂಟರಲ್ಲೂ ಇರುತ್ತಲ್ಲಮ್ಮ, ಬಿಟ್ಹಾಕಿ" ಎಂದರು ಇನ್‌ಸ್ಪೆಕ್ಟರ್. ವರದಿಗಾಗಿ ಅವರು ತುದಿಗಾಲಲ್ಲಿ ನಿಂತಿದ್ದರು.

"ಇರುತ್ತೆ ಸಾರ್. ಇದು ಅದಲ್ಲ."

"ಹೆಸರು ಅದೇ, ಚಿತ್ರ ಅದೇ, ಗಾತ್ರಾನೂ ಅದೇ."

"ಹ್ಯಾಶ್ ಬೇರೆ."

"ಪಟ್ಟೀಲಿ ಇಲ್ಲ ಅಂದ್ರೆ ಕಳ್ಳ ಅಂತಾನಾ?"

"ಅಲ್ಲ ಸಾರ್, ಗೊತ್ತಿಲ್ಲ ಅಂತ. ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಬರೆಯೋಕಾಗಲ್ಲ."

ಎರಡು ದಿನ ಕೂತು ಆ ಕ್ಯಾಲ್ಕುಲೇಟರಿನ ಹಳೆಯ ಹೊಸ ಆವೃತ್ತಿಗಳನ್ನೆಲ್ಲ ಹೋಲಿಸಿ ನೋಡಿದಳು. ಒಂದಕ್ಕೂ ಹೊಂದಲಿಲ್ಲ. ಮೇಲಿನ ಮಹಡಿಯ ಎಂಜಿನಿಯರ್ ಅದನ್ನು ಬಿಚ್ಚಿದಾಗ ಗುಟ್ಟು ರಟ್ಟಾಯಿತು. ಗುಮಾಸ್ತೆ ಬೆರಳಚ್ಚು ಮಾಡಿದ್ದನ್ನೆಲ್ಲ ಅದು ಕದ್ದು ಬೇರೊಂದು ಕಂಪ್ಯೂಟರಿಗೆ ಕಳಿಸುತ್ತಿತ್ತು. ಆ ಕಂಪ್ಯೂಟರ್ ಸಿಕ್ಕಿದ್ದು ಶಾಲೆಯ ಯಂತ್ರಗಳ ರಿಪೇರಿಗೆ ಬರುತ್ತಿದ್ದವನ ಮನೆಯಲ್ಲಿ. "ನಮಗೆ ಮೊದಲಿಂದಲೂ ಅನುಮಾನ ಇತ್ತು" ಎಂದು ಇನ್‌ಸ್ಪೆಕ್ಟರ್ ಪತ್ರಿಕೆಯವರಿಗೆ ಹೇಳಿದರು.

ಮರಳಿ ಕೆಲಸಕ್ಕೆ ಸೇರಿದ ಗುಮಾಸ್ತೆ ಕಂಪ್ಯೂಟರ್ ಒಯ್ಯಲು ತಾನೇ ಬಂದಳು. ಕೃತಜ್ಞತೆಯ ಮಾತು ಮುಗಿದರೂ ಎದ್ದು ಹೋಗಲಿಲ್ಲ.

"ಮೇಡಂ, ಒಂದು ಕೇಳ್ಲಾ? ಮಕ್ಕಳ ಅಂಕ ಎಲ್ಲಾ ನಾನು ಅದರಲ್ಲೇ ಕೂಡ್ತಿದ್ದೆ. ಎರಡು ವರ್ಷದ್ದು. ಎಲ್ಲಾ ತಪ್ಪಾ?"

"ಇಲ್ಲಮ್ಮ. ಎಂಜಿನಿಯರ್ ಅದನ್ನೂ ನೋಡಿದಾರೆ. ಕೂಡೋದರಲ್ಲಿ ಮೋಸ ಇಲ್ಲ."

ಅಮಾನತಾದಾಗಲೂ ಅಳದಿದ್ದ ಹೆಂಗಸು ಆಗ ಗಳಗಳನೆ ಅತ್ತುಬಿಟ್ಟಳು. ಜರಡಿ ಅಕ್ಕ ನೀರು ಕೊಟ್ಟಳು, ಅಳು ನಿಲ್ಲುವವರೆಗೆ ಕಾದಳು, ಆಮೇಲೆ ರಸೀದಿಗೆ ಸಹಿ ಹಾಕಿಸಿಕೊಂಡಳು.